ಸೊಟ್ಟ ಮರ, ತುಂಡು ಮರ: ಅಂಟಿಸಬೇಕೋ, ಗೂಟ ಹೊಡೆಯಬೇಕೋ, ದುಂಡಗೇ ನಿಲ್ಲಿಸಬೇಕೋ?

ಸೊಟ್ಟ ದಿಮ್ಮಿ, ಗಂಟುಗಂಟಾದ ಕೊಂಬೆ, ಮೊಳದುದ್ದದ ತುಂಡು ಇವೆಲ್ಲ ಸಾಮಾನ್ಯವಾಗಿ ಸೌದೆಗೆ ಹೋಗುತ್ತವೆ. ಇವುಗಳಿಂದಲೇ ಬಾಳಿಕೆಯ ಕೆಲಸ ತೆಗೆಯಲು ಮೂರು ದಾರಿ ಮಾಡಿ ನೋಡಿದ್ದೇವೆ.

ಮೊದಲನೆಯದು ಫಿಂಗರ್ ಜಾಯಿಂಟ್ ಹಲಗೆ. ಗಂಟು, ಬಿರುಕು ಇರುವಲ್ಲಿ ಕತ್ತರಿಸಿ ಎಸೆದು, ಉಳಿದ ತುಂಡುಗಳ ತುದಿಗೆ 10 ಮಿ.ಮೀ. ಹಲ್ಲು ಕೊರೆದು, ಹಲ್ಲಿಗೆ ಹಲ್ಲು ಕೂಡಿಸಿ ಅಂಟಿಸಿ ಉದ್ದ ಪಟ್ಟಿ ಮಾಡಿ, ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಅಂಟಿಸುವುದು. ಕಪಾಟು, ಮೇಜಿನ ಮೇಲ್ಮೈ, ಒಳಗಿನ ಬಾಗಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದು ಕೆಡುವುದು ಹೆಚ್ಚಾಗಿ ಗೋಂದಿನಿಂದಲ್ಲ, ತೇವದಿಂದ. ಒಳಗಿನ ಕೆಲಸಕ್ಕೆ ಮರ 8ರಿಂದ 12% ತೇವಕ್ಕೆ ಒಣಗಿರಬೇಕು. ಅಕ್ಕಪಕ್ಕದ ತುಂಡುಗಳ ನಡುವೆ 2%ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪ್ರತಿ ತುಂಡಿಗೂ ತೇವ ಅಳೆಯುವ ಮೀಟರ್ ಹಿಡಿಯದೆ ಅಂಟಿಸಿದರೆ, ಕನ್ನಡಿಯಂತೆ ಉಜ್ಜಿದ ಹಲಗೆಯ ಮೇಲೆ ಕೆಲವು ವಾರ ಬಿಟ್ಟು ಬೆರಳಾಡಿಸಿ: ಪ್ರತಿ ಕೂಡಿನಲ್ಲೂ ಉಗುರಿಗೆ ತಡೆಯುವ ಸಣ್ಣ ಮೆಟ್ಟಿಲು ಸಿಗುತ್ತದೆ.

ಅಂಟಿಸಿದ ಹಲಗೆಯನ್ನು ಕೆಡಿಸುವ ಇನ್ನೊಂದು ಕಳ್ಳ, ಕೊಂಬೆಯ ಮರ. ಸಾಮಾನ್ಯ ಮರ ಉದ್ದಕ್ಕೆ ಕುಗ್ಗುವುದು 0.1ರಿಂದ 0.2% ಅಷ್ಟೇ. ವಾಲಿ ಬೆಳೆದ ಮರದ, ಕೊಂಬೆಯ ಒಂದು ಮಗ್ಗುಲು ಇದರ ಹಲವು ಪಟ್ಟು ಕುಗ್ಗುತ್ತದೆ. ಅಂಥದ್ದು ಒಂದೇ ತುಂಡು ಸೇರಿದರೂ ಇಡೀ ಪಟ್ಟಿ ಬಿಲ್ಲಾಗುತ್ತದೆ. ತುದಿಯಲ್ಲಿ ಉಂಗುರಗಳನ್ನು ನೋಡಿ: ನಡುಬಿಂದು ಒಂದು ಬದಿಗೆ ಸರಿದಿದ್ದರೆ ಆ ದಿಮ್ಮಿಯನ್ನು ಅಂಟಿಸುವ ರಾಶಿಯಿಂದ ತೆಗೆದಿಡಿ. ತೇಗದಂಥ ಎಣ್ಣೆ ಮರವನ್ನು ಹತ್ತರಿ ಹೊಡೆದ ಕೂಡಲೇ ಅಂಟಿಸಬೇಕು, ಮರುದಿನಕ್ಕೆ ಬಿಡಬಾರದು. ಭಾರ ಹೊರುವ ಕಡೆ ಬಿಳಿ ಗೋಂದು ಬೇಡವೇ ಬೇಡ. ಸತತ ಭಾರಕ್ಕೆ ಅದು ನಿಧಾನವಾಗಿ ಜಾರುತ್ತದೆ.

ಎರಡನೆಯದು ಗೂಟದ ಹಲಗೆ. ಇದರಲ್ಲಿ ಗೋಂದೇ ಇಲ್ಲ. ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ, ಅಡ್ಡಲಾಗಿ 20 ಮಿ.ಮೀ. ತೂತು ಕೊರೆದು ಗಟ್ಟಿ ಮರದ ಗೂಟ ಹೊಡೆಯುವುದು. ಹಲಗೆ 12ರಿಂದ 15%, ಗೂಟ 6ರಿಂದ 8% ತೇವದಲ್ಲಿರಬೇಕು. ಗೂಟ ಒಳಹೋದ ಮೇಲೆ ಹಲಗೆಯ ತೇವ ಹೀರಿ ಊದಿಕೊಂಡು ಕಚ್ಚುತ್ತದೆ, ಗುಟ್ಟೆಲ್ಲ ಅಷ್ಟೇ. ಗಂಟು ಇದ್ದರೂ ನಡೆಯುತ್ತದೆ, ಗಿಡ್ಡ ಹಲಗೆಗಳೂ ಆಗುತ್ತವೆ, ಕೂಡುಗಳು ಒಂದೇ ಸಾಲಿಗೆ ಬಾರದಂತೆ ಹಿಂದೆಮುಂದೆ ಇಟ್ಟರೆ ಸಾಕು. ಗೂಟಗಳನ್ನು ರಾತ್ರಿ ಬಯಲಲ್ಲಿ ಬಿಟ್ಟರೆ ಅಲ್ಲೇ ಊದಿಬಿಡುತ್ತವೆ; ತೂತಿನ ಅರ್ಧಕ್ಕೆ ಸಿಕ್ಕಿಕೊಳ್ಳುತ್ತವೆ. ಹೊಡೆಯುವ ಗಳಿಗೆಯವರೆಗೂ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಡಿ. ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಂದು ಬಿಡುವುದನ್ನು ತಪ್ಪಿಸಲಾಗದು.

ಆದರೆ ನಿಜವಾಗಿ ಸೊಟ್ಟಗಿರುವ ಮರಕ್ಕೆ ನಮ್ಮ ಓಟು ಮೂರನೆಯದಕ್ಕೆ: ಸೀಳದೆ ದುಂಡಗೇ ಬಳಸುವುದು. ಬಾಗಿದ ದಿಮ್ಮಿಯಿಂದ ನೇರ ತೊಲೆ ಕೊಯ್ದರೆ ಗರಗಸ ನಾರನ್ನೇ ಕಡಿಯುತ್ತದೆ. ನಾರು 10ಕ್ಕೆ 1ರಷ್ಟು ಓರೆಯಾದರೆ ಬಾಗುವ ಬಲ ಸುಮಾರು 20% ಇಳಿಯುತ್ತದೆ, 5ಕ್ಕೆ 1 ಆದರೆ ಹತ್ತಿರ ಹತ್ತಿರ ಅರ್ಧ. ದುಂಡು ಮರದಲ್ಲಿ ನಾರು ಗಂಟನ್ನು ಬಳಸಿಕೊಂಡು ಕಡಿಯದೆ ಹರಿಯುತ್ತದೆ. ಕವಲು ಕಂಬ ಆರಿಸುವಾಗ ಸಂದಿಯನ್ನು ನೋಡಿ: ಅಗಲವಾಗಿ ಬಟ್ಟಲಿನಂತೆ ತೆರೆದಿದ್ದರೆ ಗಟ್ಟಿ, ಇಕ್ಕಟ್ಟಾಗಿ ಒಳಗೆ ತೊಗಟೆ ಸಿಕ್ಕಿಕೊಂಡಿದ್ದರೆ ಭಾರಕ್ಕೆ ಸೀಳುತ್ತದೆ.

ಕಷ್ಟ ಇರುವುದು ಅಳತೆಯಲ್ಲಿ. ನೇರ ಮುಖವೇ ಇಲ್ಲದ್ದರಿಂದ ಎರಡು ತುದಿಗಳ ನಡುವೆ ಸುಣ್ಣದ ದಾರ ಹೊಡೆದು, ಎಲ್ಲ ಅಳತೆಯನ್ನೂ ಆ ಗೆರೆಯಿಂದಲೇ ಎಣಿಸಬೇಕು. ಇಡೀ ದಿಮ್ಮಿ ಒಣಗುವಾಗ ಬಿರಿಯದೆ ಇರದು, ಉಂಗುರದ ಸುತ್ತ ಆಗುವ ಕುಗ್ಗುವಿಕೆ ನಡುಬಿಂದುವಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಸಿ ಇರುವಾಗಲೇ ಗೋಡೆಯ ಕಡೆಗೆ ಬರುವ ಮಗ್ಗುಲಲ್ಲಿ ನಡುಬಿಂದುವಿನವರೆಗೆ ಒಂದು ಗರಗಸದ ಗೀರು ಹಾಕಿದರೆ ಬಿರುಕು ಹೆಚ್ಚಾಗಿ ಅಲ್ಲೇ ತೆರೆಯುತ್ತದೆ. ತೊಗಟೆ ಪೂರ್ತಿ ಸುಲಿಯಿರಿ, ಹುಳ ಮೊದಲು ಸೇರುವುದೇ ಅದರಡಿ. ಬುಡವನ್ನು ಮಣ್ಣಿಗೆ ಹೂಳದೆ, ನೆಲದಿಂದ ಗೇಣು ಮೇಲಿರುವ ಕಲ್ಲಿನ ಮೇಲೆ ನಿಲ್ಲಿಸಿ.