ಹಳೆ ವಾಡೆ, ಹಳೆ ಗುಡಿ ಅಳೆಯಲು: ಟೇಪೋ, ಲೇಸರೋ, ಮೊಬೈಲ್ ಸ್ಕ್ಯಾನೋ?

ಆರ್ಕಿಟೆಕ್ಚರ್ ಓದುವವರಿಗೆ ಮೆಜರ್ಡ್ ಡ್ರಾಯಿಂಗ್, ಅಂದರೆ ಇರುವ ಕಟ್ಟಡವನ್ನು ಅಳೆದು ನಕ್ಷೆ ಬರೆಯುವ ಕೆಲಸ, ತಪ್ಪಿದ್ದಲ್ಲ. ನಮ್ಮ ಕಡೆ ಅದಕ್ಕೆ ಧಾರವಾಡದ ಹಳೆ ಓಣಿಗಳ ವಾಡೆಯೋ (ಹಳೆ ಕಾಲದ ದೊಡ್ಡ ಮನೆ), ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯೋ ಸಿಗುತ್ತದೆ. ಇಂಥ ಕಟ್ಟಡಗಳಲ್ಲಿ ಟೇಪು, ದೂರ ಅಳೆಯುವ ಲೇಸರ್ ಸಾಧನ, ಮೊಬೈಲ್ ಸ್ಕ್ಯಾನ್ ಮೂರನ್ನೂ ಹಿಡಿದು ನೋಡಿದ ಮೇಲೆ ಹೇಳುವುದಾದರೆ, ಒಂದನ್ನೇ ಕೊಳ್ಳುವ ದುಡ್ಡಿದ್ದರೆ ಟೇಪು ಕೊಳ್ಳಿ. 5 ಮೀಟರಿನ ಸ್ಟೀಲ್ ಟೇಪು, ಜೊತೆಗೆ 30 ಮೀಟರಿನ ಫೈಬರ್ ಟೇಪು.

ಕಾರಣ ವಾಡೆಯ ಮಣ್ಣಿನ ಗೋಡೆಯಲ್ಲೇ ಇದೆ. ಅದರ ಮೂಲೆ 90 ಡಿಗ್ರಿ ಇರುವುದು ಅಪರೂಪ. ಪಡಸಾಲೆಯ ನಾಲ್ಕೂ ಬದಿ 4, 3, 4, 3 ಮೀಟರ್ ಬಂತೆಂದು ಆಯತ ಬರೆದುಬಿಟ್ಟರೆ ಕೆಲಸ ಕೆಟ್ಟಿತು. ಕರ್ಣ ಅಳೆಯಿರಿ. ಸರಿಯಾದ ಆಯತಕ್ಕೆ 5 ಮೀಟರ್ ಬರಬೇಕು, 5.06 ಬಂದರೆ ಮೂಲೆ ಸುಮಾರು ಒಂದೂವರೆ ಡಿಗ್ರಿ ತೆರೆದಿದೆ, ಆಚೆ ಗೋಡೆ 75 ಮಿ.ಮೀ. ಪಕ್ಕಕ್ಕೆ ಸರಿದಿದೆ. 1:50ರ ಹಾಳೆಯಲ್ಲಿ, ಅಂದರೆ ಐವತ್ತು ಪಟ್ಟು ಚಿಕ್ಕದಾಗಿ ಬರೆದಾಗ, ಅದು ಒಂದೂವರೆ ಮಿಲಿಮೀಟರ್. ನಾಲ್ಕು ಕೋಣೆ ಜೋಡಿಸುವಾಗ ಹೊರಗೋಡೆ ಕೂಡುವುದೇ ಇಲ್ಲ. ಕರ್ಣ ಹಿಡಿಯಲು ಸಾಧಾರಣ ಲೇಸರಿಗೆ ಮೂಲೆಯೊಳಗೆ ಸರಿಯಾಗಿ ಕೂರುವ ಜಾಗ ಸಿಗುವುದು ಕಷ್ಟ. ಟೇಪಿನ ತುದಿ ಅಲ್ಲಿಗೆ ಹೋಗುತ್ತದೆ.

ಗುಡಿಯ ಹೊರಗೋಡೆಯಲ್ಲೂ ಟೇಪೇ ಮೇಲು. ಗೋಡೆ ಒಳಗೆ-ಹೊರಗೆ ಮಡಚಿದಂತಿರುವ ಆ ಮೂಲೆಗಳನ್ನು ತುಂಡುತುಂಡಾಗಿ ಅಳೆದರೆ, ತುಂಡಿಗೆ 5 ಮಿ.ಮೀ. ತಪ್ಪಿದರೂ 12 ತುಂಡಿಗೆ 60 ಮಿ.ಮೀ. ತಪ್ಪು ಕೂಡಬಹುದು. ಫೈಬರ್ ಟೇಪನ್ನು ಒಂದೇ ಸಲ ಹಾಸಿ, ಸೊನ್ನೆಯಿಂದಲೇ 0.42, 0.97, 1.31 ಎಂದು ಓದುತ್ತ ಹೋಗಿ. ಆದರೆ ಮೊದಲೇ ಸೊನ್ನೆ ಎಲ್ಲಿದೆ ನೋಡಿಕೊಳ್ಳಿ: ಕೆಲವು ಟೇಪಿಗೆ ಉಂಗುರದ ತುದಿಯಲ್ಲಿ, ಕೆಲವಕ್ಕೆ ಪಟ್ಟಿಯ ಮೇಲೆ. ಸ್ಟೀಲ್ ಟೇಪಿನ ಕೊಕ್ಕೆ ಸ್ವಲ್ಪ ಅಲ್ಲಾಡುವುದು ದೋಷವಲ್ಲ. ಕೊಕ್ಕೆಯ ದಪ್ಪದಷ್ಟೇ ಅದು ಸರಿಯುತ್ತದೆ, ಸಿಕ್ಕಿಸಿದರೂ ಒತ್ತಿದರೂ ಲೆಕ್ಕ ಒಂದೇ ಬರಲೆಂದು. ಬಡಿದು ಬಿಗಿ ಮಾಡಬೇಡಿ. ದುಂಡು ಕಂಬಕ್ಕೆ ಟೇಪು ಸುತ್ತಿ 3.14ರಿಂದ ಭಾಗಿಸಿ, ಸುತ್ತಳತೆ 1570 ಮಿ.ಮೀ. ಇದ್ದರೆ ವ್ಯಾಸ 500.

ಲೇಸರ್ ಗೆಲ್ಲುವುದು ಎತ್ತರದಲ್ಲಿ ಮತ್ತು ಉದ್ದನೆಯ ಒಳ ಅಳತೆಯಲ್ಲಿ. ಒಬ್ಬರೇ ಇದ್ದರೂ ಸಾಕು, ಏಣಿ ಬೇಡ, ತಪ್ಪು ಎರಡು ಮಿಲಿಮೀಟರಿನ ಆಸುಪಾಸು. ಮಾಳಿಗೆಯ ಎತ್ತರ ತೆಗೆಯುವಾಗ ಚುಕ್ಕೆ ಜಂತಿಯ ಮೇಲೆ ಬಿತ್ತೋ, ಎರಡು ಜಂತಿಗಳ ನಡುವಿನ ಹಲಗೆಯ ಮೇಲೆ ಬಿತ್ತೋ ಎಂದು ಕತ್ತೆತ್ತಿ ನೋಡಿ, ಎರಡನ್ನೂ ಬರೆದುಕೊಳ್ಳಿ. ಎಲ್ಲ ಅಳತೆಯಲ್ಲೂ ಹತ್ತು-ಹನ್ನೆರಡು ಸೆಂಟಿಮೀಟರ್ ಒಂದೇ ತೆರನಾಗಿ ಕಡಿಮೆ ಬರುತ್ತಿದ್ದರೆ, ಸಾಧನದ ಹಿಂಬದಿಯನ್ನು ಗೋಡೆಗೆ ಒತ್ತಿ ಮುಂಬದಿಯಿಂದ ಅಳೆಯುತ್ತಿದ್ದೀರಿ, ಸೆಟ್ಟಿಂಗ್ ಬದಲಿಸಿ. ಬಯಲಿನಲ್ಲಿ, ಮಾರ್ಚ್-ಏಪ್ರಿಲ್ ಬಿಸಿಲಿಗೆ, ಕೆಂಪು ಚುಕ್ಕೆ ಕೆಲವೇ ಮೀಟರಿಗೆ ಕಣ್ಮರೆ. ಬಿಳಿ ರಟ್ಟು ಹಿಡಿಸಿ, ಇಲ್ಲವೇ ಬೆಳಗಿನ ಹೊತ್ತೇ ಹೋಗಿ. ನುಣುಪಾದ ಕರಿಗಲ್ಲಿನ ಕಂಬ ಬೆಳಕನ್ನು ಬೇರೆ ಕಡೆ ಹೊರಳಿಸಿ ಅಂಕಿ ಕೆಡಿಸುತ್ತದೆ; ಅಲ್ಲೂ ರಟ್ಟೇ ಗತಿ.

ನೆಲದ ಏರಿಳಿತಕ್ಕೆ ಮಾತ್ರ ಇವೆರಡೂ ಬೇಡ. ಗೌಂಡಿಗಳು ಬಳಸುವ ಪಾರದರ್ಶಕ ಪೈಪು ತನ್ನಿ, ಹತ್ತು-ಹದಿನೈದು ಮೀಟರ್. ನೀರು ತುಂಬಿಸಿ ಗುಳ್ಳೆ ಪೂರ್ತಿ ಹೊರಹಾಕಿ. ಒಂದು ಗುಳ್ಳೆ ಉಳಿದರೂ ಎರಡು ತುದಿಯ ಮಟ್ಟ ಸುಳ್ಳು ಹೇಳುತ್ತದೆ. ಹೊಸ್ತಿಲಿಂದ 1 ಮೀಟರ್ ಎತ್ತರದ ಮಟ್ಟವನ್ನು ಮನೆಯ ಸುತ್ತ ಗುರುತಿಸಿ, ಮಾಡ, ಕಟ್ಟೆ, ಪಾವಟಿಗೆ ಎಲ್ಲವನ್ನೂ ಅದರಿಂದಲೇ ಮೇಲೆ-ಕೆಳಗೆ ಅಳೆಯಿರಿ. ರಕ್ಷಿತ ಗುಡಿಯಲ್ಲಿ ಕಲ್ಲಿನ ಮೇಲೆ ಸುಣ್ಣದ ಗೆರೆಯೂ ಬೇಡ, ಅಂಟುಪಟ್ಟಿಯೂ ಬೇಡ, ದಾರ ಕಟ್ಟಿ.

ಮೊಬೈಲ್ ಸ್ಕ್ಯಾನಿನ ಲೈಡಾರ್ (ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್) ಸುಮಾರು 5 ಮೀಟರಿನ ತನಕ ಸರಿ. ಒಂದು ಕೋಣೆ ಚೆನ್ನಾಗಿ ಬರುತ್ತದೆ. ಬಾಗಿಲು ದಾಟಿ ಮೂರನೆಯ ಕೋಣೆಗೆ ಹೋಗುವಷ್ಟರಲ್ಲಿ ಸ್ಕ್ಯಾನಿನಲ್ಲಿ ಗೋಡೆಗಳು ಜರುಗಿರುತ್ತವೆ, ಗೋಡೆಯ ದಪ್ಪವೇ ಬದಲಾಗಿರುತ್ತದೆ. ಕಂಬದ ಸಣ್ಣ ಗೆರೆ-ಪಟ್ಟಿಗಳ ಅಂಚು ದುಂಡಗಾಗುತ್ತದೆ. ಅದಕ್ಕೆ ಫೋಟೋ ಜೋಡಿಸುವ ವಿಧಾನವೇ ಲೇಸು. ಪ್ರತಿ ಫೋಟೋ ಹಿಂದಿನದರ ಮುಕ್ಕಾಲು ಭಾಗವನ್ನು ಮತ್ತೆ ಹಿಡಿದಿರಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿರಬೇಕು. ಪ್ಲಾನ್ ಬರೆಯಲು ಸ್ಕ್ಯಾನನ್ನು ನಂಬಬೇಡಿ. ಸೈಟಿನಲ್ಲಿ ಬಿಟ್ಟುಬಂದ ಕಿಟಕಿ ಎಲ್ಲಿತ್ತು ಎಂದು ರಾತ್ರಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ಹುಡುಕಲು ಅದು ಒಳ್ಳೆಯದು.