ಅರ್ಜಿ ಕನ್ನಡದಲ್ಲೇ ಇರಲಿ: ಐಎಫ್‌ಎ ಅನುದಾನ ಯಾರಿಗೆ, ಹೇಗೆ?

ಬೆಂಗಳೂರಿನ ರಾಜಮಹಲ್ ವಿಲಾಸ್ ಎರಡನೇ ಹಂತದಲ್ಲಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಅಂದರೆ ಐಎಫ್‌ಎ, 1993ರಲ್ಲಿ ಶುರುವಾದ ಟ್ರಸ್ಟ್. 1995ರಿಂದ ದೇಶದ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತಿದೆ. ಬೆಂಗಳೂರಿನಲ್ಲೇ ಇದ್ದರೂ, ಇಂಗ್ಲಿಷ್ ಬಾರದೆ ಅಲ್ಲಿ ಅರ್ಜಿ ಹಾಕಲಾಗದು ಎಂದುಕೊಂಡು ದೂರವೇ ಉಳಿದ ಕನ್ನಡದ ಕಲಾವಿದರು ಬಹಳ ಮಂದಿ. ಆ ಅಳುಕು ಬೇಡ. ಭಾರತದ ಯಾವ ಭಾಷೆಯಲ್ಲಾದರೂ ಅಲ್ಲಿಗೆ ಪ್ರಸ್ತಾವ ಕಳಿಸಬಹುದು. ನಮ್ಮ ಲೆಕ್ಕದಲ್ಲಿ ಈ ಸಂಸ್ಥೆಗೆ ಹೆಚ್ಚು ಅಂಕ ಕೊಡಬೇಕಾದ್ದು ಇದೇ ಕಾರಣಕ್ಕೆ.

ಇಂಗ್ಲಿಷ್ ಬಲ್ಲವರಿಂದ ದುಡ್ಡು ಕೊಟ್ಟು ಬರೆಸಿದ ಅರ್ಜಿಗಳಲ್ಲಿ ಕಲಾವಿದರೇ ಕಾಣೆಯಾಗುತ್ತಾರೆ. ‘ಪರಂಪರೆಯ ಉಳಿವು’, ‘ಯುವಜನರಲ್ಲಿ ಜಾಗೃತಿ’ ಎಂಬಂಥ ಮಾತುಗಳೇ ಪುಟ ತುಂಬುತ್ತವೆ. ಅನುದಾನ ಕೊಡುವವರಿಗೆ ಬೇಕಾದದ್ದು ಒಂದು ಸ್ಪಷ್ಟ ಪ್ರಶ್ನೆ. ಬಯಲುಸೀಮೆಯ ಮೂಡಲಪಾಯ ಯಕ್ಷಗಾನವನ್ನೇ ತೆಗೆದುಕೊಳ್ಳಿ. ಅದರ ಹಾಡಿಕೆಗೆ ಜೊತೆಯಾಗುವುದು ಮುಖವೀಣೆ ಎಂಬ ಊದುವ ವಾದ್ಯ. ‘ಮೂಡಲಪಾಯವನ್ನು ಉಳಿಸುತ್ತೇನೆ’ ಎಂದು ಬರೆದರೆ ಓದುವವರಿಗೆ ಏನೂ ಗೊತ್ತಾಗದು. ‘ಮುಖವೀಣೆ ನುಡಿಸುವವರು ಸಿಗದೆ ಹಾರ್ಮೋನಿಯಂ ಬಂದ ಕಡೆ ಭಾಗವತರ ಹಾಡಿಕೆ ಹೇಗೆ ಬದಲಾಗಿದೆ? ಮುಖವೀಣೆಯೊಂದಿಗೆ ಕೂತು ಹೊಸ ರಂಗಸಂಗೀತ ಕಟ್ಟಬಹುದೇ?’ ಎಂದು ಬರೆದರೆ, ಯಾರನ್ನು ಕಾಣಬೇಕು, ಏನು ಧ್ವನಿಮುದ್ರಿಸಬೇಕು, ಕೊನೆಗೆ ಕೈಗೆ ಬರುವುದೇನು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ. ಇದನ್ನು ಆಡುನುಡಿಯಲ್ಲಿ ಬರೆದಷ್ಟು ಒಳ್ಳೆಯದು.

ಸಂಶೋಧನೆ, ಕಲಾಸೃಷ್ಟಿ, ಕಲಾಶಿಕ್ಷಣಕ್ಕೆ ಅಲ್ಲಿ ಬೇರೆಬೇರೆ ಯೋಜನೆಗಳಿವೆ. ‘ಕಲಿ-ಕಲಿಸು’ ಕರ್ನಾಟಕದ ಸರ್ಕಾರಿ ಶಾಲೆಗಳಿಗಾಗಿ ಇರುವಂಥದ್ದು. ‘ಪ್ರಾಜೆಕ್ಟ್ 560’ ಬೆಂಗಳೂರಿನದೇ ಯೋಜನೆ. ಹೆಸರಿನಲ್ಲೇ ನಮ್ಮ ಪಿನ್‌ಕೋಡ್‌ನ ಮೊದಲ ಮೂರು ಅಂಕಿ ಇವೆ. ಯಾವ ಯೋಜನೆಗೆ ಈಗ ಅರ್ಜಿ ಕರೆದಿದ್ದಾರೆ, ಗರಿಷ್ಠ ಮೊತ್ತ ಎಷ್ಟು ಎಂದು ಮೊದಲು ನೋಡಿ, ಆಮೇಲೆ ಬರೆಯಲು ಕೂರಿ. ಒಂದಕ್ಕೆ ಬರೆದದ್ದನ್ನು ಹಾಗೇ ಇನ್ನೊಂದಕ್ಕೆ ಕಳಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಬಜೆಟ್ಟಿನಲ್ಲಿ. ‘ಪ್ರಯಾಣ ಇತ್ಯಾದಿ: 35,000’ ಎಂಬ ಸಾಲು ಅನುಮಾನ ಹುಟ್ಟಿಸುತ್ತದೆ. ಅದನ್ನೇ ಬಿಡಿಸಿ ಬರೆಯಿರಿ: ಬೆಂಗಳೂರು–ತಿಪಟೂರು ಬಸ್ಸು, ಇಬ್ಬರು, 6 ಸಲ, ಹೋಗಿಬರಲು ತಲಾ 500, ಒಟ್ಟು 6,000. ವಸತಿ, ಒಂದು ಕೋಣೆ, 6 ಸಲ, ಪ್ರತಿ ಸಲ 2 ರಾತ್ರಿ, ರಾತ್ರಿಗೆ 900, ಒಟ್ಟು 10,800. ಮುಖವೀಣೆ ಕಲಾವಿದರಿಗೆ ಗೌರವಧನ, 12 ದಿನ, ದಿನಕ್ಕೆ 1,500, ಒಟ್ಟು 18,000. ಕೂಡಿದರೆ 34,800. ಮೊತ್ತ ಹೆಚ್ಚುಕಡಿಮೆ ಅಷ್ಟೇ, ಆದರೆ ಪ್ರತಿ ರೂಪಾಯಿಗೂ ಒಂದು ಕೆಲಸವಿದೆ. ಗೌರವಧನದ ಆ ಸಾಲನ್ನು ದಯವಿಟ್ಟು ಬಿಡಬೇಡಿ. ಹಳ್ಳಿಯ ಹಿರಿಯ ಕಲಾವಿದರು ದಿನಗಟ್ಟಲೆ ಕೂತು ಹೇಳಿಕೊಡುವುದನ್ನು ಪುಕ್ಕಟೆ ಎಂದು ಎಣಿಸುವ ಯೋಜನೆ ಮೂಲದಲ್ಲೇ ಅನ್ಯಾಯದ್ದು. ನಿಮ್ಮ ದುಡಿಮೆಗೂ ಹಾಗೆಯೇ, ತಿಂಗಳಿಗೆ ಇಷ್ಟು ಎಂದು ಸಂಕೋಚವಿಲ್ಲದೆ ಬರೆಯಿರಿ.

ಕನ್ನಡದಲ್ಲಿ ಕಳಿಸುವವರು ಗಮನಿಸಲೇಬೇಕಾದ್ದು ಫಾಂಟು. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿದ್ದಾದರೆ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಿರಬಹುದು, ಒಮ್ಮೆ ಪೂರ್ತಿ ಓದಿ. ಪಿಡಿಎಫ್ ಮಾಡಿ, ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿದ ಮೇಲೆ ಕಳಿಸಿ. ವಿಡಿಯೊ ಲಿಂಕಿಗೂ ಇದೇ ಪರೀಕ್ಷೆ. ಗೂಗಲ್ ಡ್ರೈವ್‌ನಲ್ಲಿ ಎಲ್ಲರಿಗೂ ಅನುಮತಿ ಕೊಡದಿದ್ದರೆ ಅದು ತೆರೆಯುವುದಿಲ್ಲ. ಸನ್ಮಾನ, ಭಾಷಣ ಸೇರಿಸಿದ ಅರ್ಧ ಗಂಟೆಯ ವಿಡಿಯೊಗಿಂತ ನಿಮ್ಮ ಕೆಲಸವೇ ಕಾಣುವ ನಾಲ್ಕು ನಿಮಿಷ ಸಾಕು.

ಐಎಫ್‌ಎ ಅನುದಾನ ಅವಸರದ ಹಣವಲ್ಲ. ಬರುವ ತಿಂಗಳ ಪ್ರದರ್ಶನಕ್ಕೆ ಸಭಾಂಗಣದ ಬಾಡಿಗೆ ಹೊಂದಿಸಬೇಕಾದವರಿಗೆ ಒಗ್ಗುವುದಿಲ್ಲ. ನೋಂದಾಯಿತ ಸಂಘದವರು ಕಾರ್ಯಕ್ರಮಗಳಿಗೆ ನೆರವು ಬೇಕೆಂದರೆ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ವಿಚಾರಿಸುವುದು ಸರಿ. ಅಲ್ಲಿಗೆ ಹೋಗುವ ಮೊದಲು ನೋಂದಣಿ ಪತ್ರ, ಲೆಕ್ಕಪರಿಶೋಧನೆಯ ವರದಿ, ಹಿಂದಿನ ಕಾರ್ಯಕ್ರಮಗಳ ಕರಪತ್ರ, ಪತ್ರಿಕಾ ತುಣುಕುಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಳ್ಳಿ. ವ್ಯಕ್ತಿಗತವಾಗಿ ಎರಡು ವರ್ಷ ಒಂದೇ ವಿಷಯದಲ್ಲಿ ತೊಡಗುವವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಇದೆ: 25ರಿಂದ 40 ವಯಸ್ಸಿನವರಿಗೆ ಕಿರಿಯ, ತಿಂಗಳಿಗೆ 10,000, 40 ದಾಟಿದವರಿಗೆ ಹಿರಿಯ, ತಿಂಗಳಿಗೆ 20,000.

ಅರ್ಜಿ ತಿರಸ್ಕೃತವಾದರೆ ಬದಿಗೆಸೆಯಬೇಡಿ. ಕಾರಣ ತಿಳಿಸಲಾಗುವುದೇ ಎಂದು ವಿನಯದಿಂದ ಇಮೇಲ್‌ನಲ್ಲಿ ಕೇಳಿ. ಆಮೇಲೆ ನಿಮ್ಮ ಕಲೆಯ ಗಂಧವಿಲ್ಲದ ಒಬ್ಬ ಸ್ನೇಹಿತರ ಕೈಗೆ ಮೊದಲ ಪುಟವನ್ನಷ್ಟೇ ಕೊಟ್ಟು, ನೀವು ಮಾಡಹೊರಟಿದ್ದೇನು ಎಂದು ಅವರ ಬಾಯಲ್ಲೇ ಹೇಳಿಸಿ. ಅವರು ತಡವರಿಸಿದ ಜಾಗದಿಂದಲೇ ತಿದ್ದಲು ಶುರುಮಾಡಿ.