ಕನಕಪುರ ರಸ್ತೆ ಕಡೆಯ ತೋಟದ ಆಟದ ಜಾಗ: ಮೂರು ಸಲ ಹೋಗಿ ಬಂದ ಮೇಲೆ

ಆರು ವರ್ಷದ ಮಗಳ ಜೊತೆ ಮೂರು ಸಲ ಹೋಗಿ ಬಂದೆ, ಅದಕ್ಕೇ ಬರೆಯುತ್ತಿದ್ದೇನೆ. ಮಾವಿನ ತೋಟದೊಳಗಿನ ಜಾಗ. ಪ್ಲಾಸ್ಟಿಕ್ ಜಾರುಬಂಡೆ, ರಬ್ಬರ್ ನೆಲ ಏನೂ ಇಲ್ಲ. ಅಡ್ಡ ಹಾಕಿದ ಮರದ ದಿಮ್ಮಿಗಳು, ಕೆಸರಿನ ಗುಂಡಿ, ಹಗ್ಗದ ಏಣಿ, ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿ, ಇಷ್ಟೇ. ಮೊದಲ ದಿನ ಮಗಳು ಮಧ್ಯಾಹ್ನದವರೆಗೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಅವರು ಜಾಗ ನೋಡಿಕೊಳ್ಳುವ ರೀತಿ. ಎರಡನೇ ಸಲ ಗೇಟ್ ತೆಗೆಯುವ ಮೊದಲೇ ಹೋಗಿದ್ದೆವು. ಮಾಲಿ ತಾತ ಒಂದೊಂದೇ ದಿಮ್ಮಿಗೆ ಮಚ್ಚಿನ ಹಿಂಬದಿಯಿಂದ ಕುಟ್ಟಿ, ಕಿವಿಗೊಟ್ಟು ಕೇಳುತ್ತಾ ಬರುತ್ತಿದ್ದರು. ಗಟ್ಟಿ ಮರ ಟಕ್ ಅನ್ನುತ್ತೆ, ಒಳಗೆ ಗೆದ್ದಲು ತಿಂದಿದ್ದರೆ ಡಬಡಬ. ಮಣ್ಣಿಗೆ ತಾಗುವ ಕಡೆ ಮೊದಲು ಕೊಳೆಯುತ್ತೆ ಅಂತ ಅಲ್ಲಿ ಮೊಳೆ ಚುಚ್ಚಿಯೂ ನೋಡಿದರು. ಆಮೇಲೆ ಜೋಕಾಲಿಗೆ ತಾವೇ ಜೋತುಬಿದ್ದು ಎರಡು ಸಲ ಜಗ್ಗಿದರು. ಬೇಲಿ ಪಕ್ಕ ಕಣಗಿಲೆ, ಹರಳು ಗಿಡ ಒಂದೂ ಇಲ್ಲ. ಎರಡೂ ವಿಷ, ಆದರೂ ಎಷ್ಟೋ ಪಾರ್ಕುಗಳಲ್ಲಿ ಕಣಗಿಲೆಯನ್ನು ಸುಮ್ನೆ ಅಂದಕ್ಕೆ ನೆಟ್ಟಿರುತ್ತಾರೆ.

ದೊಡ್ಡ ದಿಮ್ಮಿ ಹತ್ತಲಾಗದೆ ಮಗಳು ಅಳುಮೋರೆ ಮಾಡಿದಾಗ ಎತ್ತಿ ಕೂರಿಸಲು ಹೋದೆ. "ಎತ್ತಬೇಡಿ ಅಮ್ಮ, ತಾನೇ ಹತ್ತಿದ್ರೆ ಇಳಿಯೋಕೂ ಬರುತ್ತೆ" ಅಂದರು ತಾತ. ಅವತ್ತು ಹತ್ತಲೇ ಇಲ್ಲ. ಮೂರನೇ ಸಲ ಬರಿಗಾಲಲ್ಲಿ, ತುಟಿ ಕಚ್ಚಿಕೊಂಡು ಹತ್ತಿದಳು, ಇಳಿದಳು. ಮೊಣಕಾಲು ತರಚಿತ್ತು. ಅದಕ್ಕೆ ನನ್ನ ದೂರಿಲ್ಲ.

ದೂರು ಬೇರೆಯದಕ್ಕೆ. ಹಗ್ಗದ ಏಣಿಯ ಕೆಳಗೆ ಮರಳು ಚದುರಿಹೋಗಿತ್ತು, ಕೈ ಹಾಕಿದರೆ ಎರಡು ಬೆರಳು ಆಳಕ್ಕೇ ಗಟ್ಟಿ ನೆಲ. ಏಣಿ ಹತ್ತಿರ ಹತ್ತಿರ 2 ಮೀಟರ್ ಇದೆ. ಮಕ್ಕಳ ಆಟದ ಸಲಕರಣೆಗಳ ಸುರಕ್ಷತೆಗೆ ಇರುವ ಯುರೋಪಿನ ಇಎನ್ 1176 ಮಾನದಂಡದಲ್ಲಿ ಅಷ್ಟು ಎತ್ತರಕ್ಕೆ 20 ಸೆಂಟಿಮೀಟರ್ ಮರಳು ಬೇಕು, ಮಕ್ಕಳ ಕಾಲಿಗೆ ಚದುರುತ್ತೆ ಅಂತ ಮೇಲೆ ಇನ್ನೂ 10. ಕೆಸರಲ್ಲಿ ಜಾರುತ್ತೆ ಅಂತ ಮಗುವಿಗೆ ಕಾಣುತ್ತೆ, ಮರಳಿನಡಿ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಅದನ್ನು ದೊಡ್ಡವರೇ ನೋಡಬೇಕು, ಅಲ್ವಾ? ಹೇಳಿದ ತಕ್ಷಣ ತಾತ ಸಲಿಕೆ ತಂದು ಮರಳು ಎಳೆದು ಹಾಕಿದರು. ಕಂಬಕ್ಕೆ ಒಂದು ಬಣ್ಣದ ಗೆರೆ ಹಾಕಿಸಿ, ಮರಳು ಇಳಿದಿದ್ದು ದೂರದಿಂದಲೇ ಗೊತ್ತಾಗುತ್ತೆ ಅಂತ ಮಾಲೀಕರಿಗೂ ಹೇಳಿ ಬಂದೆ. ಅರ್ಧ ಹೂತ ಟೈರುಗಳಲ್ಲಿ ಮಳೆನೀರೂ ನಿಂತಿತ್ತು. ಡೆಂಗಿ ಸೊಳ್ಳೆ ಬೆಳೆಯೋಕೆ ಒಂದು ವಾರ, ಹತ್ತು ದಿನ ಸಾಕು. ತೂತು ಕೊರೆಸಿದರೆ ಮುಗಿಯಿತು.

ಹೋಗುವವರು ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಮಕ್ಕಳ ಕೊರಳಲ್ಲಿ ದಾರ, ಸರ ಇದ್ದರೆ ಮೊದಲೇ ಬಿಚ್ಚಿಡಿ, ಏಣಿಗೆ ಸಿಕ್ಕಿಕೊಂಡರೆ ಕಷ್ಟ. ನಾವು ಬರುವ ಭಾನುವಾರ ಮತ್ತೆ ಹೋಗುತ್ತೇವೆ. ಮೊದಲು ಏಣಿಯ ಕೆಳಗಿನ ಮರಳಿಗೆ ಕೈ ಹಾಕಿ ನೋಡುತ್ತೇನೆ.